ದ್ಯಾಮಮ್ಮನ ಕೊನೆಯ ಎರಡು ಕಲ್ಲುಗಿಡ

ಬೆಳಗಿನ ಆರೂಕಾಲು. ಬೀರೂರಿನಿಂದ ಅಜ್ಜಂಪುರದ ಕಡೆ ಹೋಗುವ ರಸ್ತೆ ಬದಿಯ ನರ್ಸರಿಗೆ ಇನ್ನೂ ಯಾರೂ ಬಂದಿಲ್ಲ. ಮೊದಲ ಬಸ್ಸಿಗೆ ಬಂದಿಳಿದ ದ್ಯಾಮಮ್ಮ ಊಟದ ಡಬ್ಬಿಯನ್ನು ಗೂಟಕ್ಕೆ ನೇತುಹಾಕಿ, ಹಿಂದಿನ ಪ್ಲಾಸ್ಟಿಕ್ ಚಪ್ಪರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮುಂದೆ ಎರಡು ಪುಟ್ಟ ಕುಂಡ. ಒಂದೊಂದರಲ್ಲೂ ಜಲ್ಲಿಯ ನಡುವೆ ಹೆಬ್ಬೆರಳ ತುದಿಯಷ್ಟು ದಪ್ಪದ, ನಡುವೆ ಸೀಳಿದ ಒಂದು ಹಸಿರು ಕಲ್ಲು. ಅದನ್ನು ಬೆರಳಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ಗಟ್ಟಿ ಇದ್ದರೆ ಬದುಕಿದೆ, ಮೆತ್ತಗಾಗಿದ್ದರೆ ಕೊಳೆತಿದೆ.

"ಇವತ್ತಿಗೆ ಜೀವ ಐತೆ," ಎನ್ನುತ್ತಾ ಕೈ ಒರೆಸಿಕೊಳ್ಳುತ್ತಾರೆ.

ಕಲ್ಲಿಗೆಂಥ ಜೀವ ಎಂದು ನಗುವವರು ನಗಲಿ. ಇದು ಗಿಡ. ದಕ್ಷಿಣ ಆಫ್ರಿಕಾದ ಮರಳುಗಾಡಿನ ಲಿಥಾಪ್ಸ್. ದ್ಯಾಮಮ್ಮನ ಬಾಯಲ್ಲಿ ಕಲ್ಲುಗಿಡ. ಬೂದುಬಣ್ಣದವು ಅಲ್ಲಿ ಇಲ್ಲಿ ಸಿಕ್ಕಾವು, ಈ ಹಸಿರು ಬಗೆ ಸಿಗುವುದಿಲ್ಲ. ಹದಿಮೂರು ವರ್ಷದ ಹಿಂದೆ ತರೀಕೆರೆಯ ನಿವೃತ್ತ ಮೇಷ್ಟ್ರು ಚನ್ನಬಸಪ್ಪನವರು ಒಂದು ಚಿಟಿಕೆ ಬೀಜ ಕೊಟ್ಟು ಹೋದರು. ಈಗ ಅವರಿಲ್ಲ. ಬಿತ್ತಿ ಎರಡು ವಾರವಾದರೂ ಮೊಳೆಯಲಿಲ್ಲವೆಂದು ನರ್ಸರಿಯ ಯಜಮಾನ ಹೊನ್ನೇಶ್ ಆ ಟ್ರೇಯನ್ನು ತಿಪ್ಪೆಗೆ ಹಾಕಲು ಹೇಳಿದರು. ದ್ಯಾಮಮ್ಮ ಹೂಂಗುಟ್ಟಿ, ನೀರಿನ ತೊಟ್ಟಿಯ ಹಿಂದೆ ಬಚ್ಚಿಟ್ಟರು.

"ಬಿತ್ತಿದ್ಮೇಲೆ ಕಾಯಬೇಕು ಕಣ್ರೀ. ಹದಿನೇಳನೇ ದಿನ ಸಾಸಿವೆಗಿಂತ ಸಣ್ಣದು ತಲೆ ಎತ್ತಿದ್ವು. ಕಣ್ಣಿಗೆ ಕಾಣ್ದಂಗೆ."

ಐವತ್ತೇಳರ ದ್ಯಾಮಮ್ಮ ಶಾಲೆಯ ಮೆಟ್ಟಿಲು ಹತ್ತಿದ್ದು ಮೂರೇ ವರ್ಷ. ಗಂಡ ಹೋದ ಮೇಲೆ ಇಲ್ಲಿಗೆ ಸೇರಿ ಇಪ್ಪತ್ತು ವರ್ಷವಾಯಿತು. ದಿನಕ್ಕೆ ಆರುನೂರು ಪ್ಯಾಕೆಟ್ಟಿಗೆ ಮಣ್ಣು ತುಂಬುವುದು ಅವರ ಕೂಲಿ ಕೆಲಸ. ಕಲ್ಲುಗಿಡ ಅದರಾಚೆಯದು, ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಊಟದ ಹೊತ್ತು. ಹತ್ತು ಸಸಿಯಲ್ಲಿ ಒಂದು ಉಳಿದರೆ ಪುಣ್ಯ. ಹೂ ಬಿಡಲು ಐದು ವರ್ಷ. ಒಂದು ಗಿಡದ ಹೂವಿಗೆ ಇನ್ನೊಂದು ಗಿಡದ ಪರಾಗವನ್ನೇ ಮುಟ್ಟಿಸಬೇಕು, ತನ್ನದು ತನಗೆ ಆಗಿಬರುವುದಿಲ್ಲ. ಅದಕ್ಕೆ ಮೇಕೆಕೂದಲಿನ ಸಣ್ಣ ಕುಂಚವೊಂದನ್ನು ಅವರೇ ಕಟ್ಟಿಕೊಂಡಿದ್ದಾರೆ. ಬಂದ ಬೀಜವನ್ನೆಲ್ಲ ಆಯಾ ವರ್ಷವೇ ಬಿತ್ತುತ್ತಿದ್ದರು. ಹೀಗೆ ಬೆಳೆಸಿ ಬೆಳೆಸಿ ಹೋದ ವರ್ಷಕ್ಕೆ ದೊಡ್ಡವು, ಮರಿ ಸೇರಿ ಅರವತ್ತಮೂರು ಆಗಿದ್ದವು.

ಈ ಗಿಡಕ್ಕೊಂದು ವಿಚಿತ್ರ ಹಟವಿದೆ. ಬೇಸಿಗೆಯ ಮೊದಲಲ್ಲಿ, ಕಲ್ಲಿನಂತೆ ಕಾಣುವ ಹಳೆಯ ಎಲೆ ಸುಕ್ಕುಗಟ್ಟಿ, ಅದರ ರಸ ಹೀರಿ ಒಳಗಿನಿಂದ ಹೊಸ ಎಲೆ ಬರುತ್ತದೆ. ಆಗ ನೋಡಿದರೆ ಸಾಯುತ್ತಿದೆ ಎನಿಸಬೇಕು. ಆದರೆ ಆಗ ನೀರು ಕೊಟ್ಟಿರೋ, ಕೊಂದಂತೆ. ಅದಕ್ಕೇ ದ್ಯಾಮಮ್ಮ ಪೈಪನ್ನು ಸುತ್ತಿಟ್ಟು, "ನೀರು ಹಾಕಬಾರದು" ಎಂದು ಹಲಗೆಯ ಮೇಲೆ ಬರೆಸಿದ್ದರು.

ಈ ಸಲದ ಯುಗಾದಿಗೆ ಹೊನ್ನೇಶ್ ಅವರ ಹೆಂಡತಿ ಪ್ರತಿಮಾ ನರ್ಸರಿಯಲ್ಲಿ ದೊಡ್ಡ ತಾಮ್ರದ ಬಿಂದಿಗೆಯನ್ನೇ ಕಳಶವಿಟ್ಟು ಪೂಜೆ ಮಾಡಿದರು. ಮಾರನೇ ದಿನ, ವರ್ಷತೊಡಕಿಗೆ, ಕೂಲಿಯವರಿಗೆಲ್ಲ ರಜ. ಕಳಶ ಕದಲಿಸಿದ ನೀರು ಯಾರೂ ತುಳಿಯದ ಕಡೆ, ಗಿಡದ ಬುಡಕ್ಕೆ ಹೋಗಬೇಕಲ್ಲ. ಒಣಗಿ ಕೂತ ಈ ಮರಿಗಳನ್ನು ಕಂಡು ಪ್ರತಿಮಾಗೆ ಅಯ್ಯೋ ಎನಿಸಿದೆ. ಹಲಗೆಯನ್ನೂ ಓದಿದ್ದಾರೆ. ಅದು ಹೇಳುವುದು ನೀರಿನ ಮಾತು, ಇದು ತೀರ್ಥ ಎಂದುಕೊಂಡು ಅವಿದ್ದ ಎರಡು ಟ್ರೇಗೂ ಬಿಂದಿಗೆ ಬಗ್ಗಿಸಿದರು.

ಅಲ್ಲಿಗೇ ಮುಗಿದಿದ್ದರೆ ಪ್ರತಿಮಾರನ್ನು ಬೈದು ಸುಮ್ಮನಾಗಬಹುದಿತ್ತು. ದ್ಯಾಮಮ್ಮ ಬೈಯುವುದಿಲ್ಲ. ಅವರೊಳಗೆ ಕೊರೆಯುವುದು ಮೂರನೇ ದಿನದ ಬೆಳಗು.

"ಬಂದು ನೋಡಿದ್ರೆ ಜಲ್ಲಿ ಮೇಲೆಲ್ಲ ಅರಿಸಿನ ಕುಂಕುಮ. ಆಗ್ಲೇ ಟ್ರೇ ಬೋರಲು ಹಾಕಿ, ಬೇರು ಒಣಗಿಸಿದ್ರೆ ಅರ್ಧ ಆದ್ರೂ ಉಳೀತಿದ್ವು. ನಂಗೆ ಗೊತ್ತಿತ್ತು. ಆದ್ರೆ ಕಳಶದ ನೀರು, ಹೆಂಗ್ ಚೆಲ್ಲೋದು? ದೇವ್ರು ಕಾಯ್ತಾನೆ ಅಂತ ಕೈ ಮುಗಿದು ಎದ್ದು ಹೋದೆ. ಆಯಮ್ಮಂಗೆ ತಿಳೀದು, ಮಾಡಿದ್ಲು. ನಾನು ತಿಳಿದೂ ಸಾಯಿಸ್ದೆ."

ವಾರದೊಳಗೆ ಒಂದೊಂದೇ ಮೆತ್ತಗಾದವು. ಬಿಡಿ ಕುಂಡದಲ್ಲಿದ್ದು ನೀರು ತಾಗದ ಈ ಎರಡು ಬಿಟ್ಟು ಅರವತ್ತೊಂದನ್ನೂ ಅವರೇ ಕಿತ್ತು ಮಣ್ಣು ಮಾಡಿದರು. ಹದಿಮೂರು ವರ್ಷವನ್ನು ಒಂದು ಮಂಕರಿಯಲ್ಲಿ ಹೊತ್ತು ಹಾಕುವ ಸಂಕಟ ಯಾರಿಗೂ ಬೇಡ. ಹೊನ್ನೇಶ್ ಎಲ್ಲೆಲ್ಲೋ ವಿಚಾರಿಸಿದರು, ಹಸಿರು ಬಗೆಯ ಬೀಜ ಎಲ್ಲೂ ಸಿಗಲಿಲ್ಲ. ಇನ್ನು ಬೀಜ ಬಂದರೆ ಈ ಎರಡರಿಂದಲೇ ಬರಬೇಕು. ಎತ್ತಿಟ್ಟ ಪರಾಗ ದ್ಯಾಮಮ್ಮನಿಗೆ ಎಂದೂ ಉಳಿದಿಲ್ಲ, ಹಾಗಾಗಿ ಎರಡೂ ಒಂದೇ ವಾರ ಅರಳಬೇಕು.

ದೀಪಾವಳಿ ಹತ್ತಿರವಿದೆ. ಮೊದಲನೆಯದು ಸೋಮವಾರ ಅರಳಿದೆ. ಸೀಳಿನಿಂದೆದ್ದ ಹಳದಿ ಹೂ ಮಧ್ಯಾಹ್ನ ಮೂರಕ್ಕೆ ತೆರೆದು ಸಂಜೆಗೆ ಮುಚ್ಚುತ್ತದೆ. ಎರಡನೆಯದರ ಸೀಳಿನಲ್ಲಿ ಮೊಗ್ಗಿನ ತುದಿ ಕಂಡದ್ದು ಗುರುವಾರ. ಬೇಗ ಅರಳಲೆಂದು ದ್ಯಾಮಮ್ಮ ಬಿಸಿಲು ಬಿದ್ದ ಕಡೆಗೆಲ್ಲ ಆ ಕುಂಡ ಹೊತ್ತು ತಿರುಗುತ್ತಾರೆ. ಶನಿವಾರ ಊಟದ ಡಬ್ಬಿ ಬಿಚ್ಚುವುದಿಲ್ಲ. ಭಾನುವಾರ ರಜೆಯಾದರೂ ಬರುತ್ತಾರೆ. ಅಂದು ಮೊದಲ ಹೂ ತೆರೆಯುವುದೇ ಇಲ್ಲ. ಎಸಳು ಬಾಡಿ ಬತ್ತಿಯಾಗಿದೆ.

ಬುಧವಾರ ಎರಡನೆಯದು ಅರಳುತ್ತದೆ. ತುಂಬು ಹೂ, ಮೊದಲಿನದಕ್ಕಿಂತ ದೊಡ್ಡದು. ಕುಂಚ ದ್ಯಾಮಮ್ಮನ ಕೈಯಲ್ಲಿದೆ, ಮುಟ್ಟಿಸಲು ಪರಾಗವಿಲ್ಲ. ಸಮಾಧಾನಕ್ಕೆಂಬಂತೆ ಪ್ರತಿಮಾ ಪಕ್ಕ ಬಂದು ನಿಲ್ಲುತ್ತಾರೆ.

"ಎಷ್ಟ್ ಚೆನ್ನಾಗೈತೆ ದ್ಯಾಮಕ್ಕ. ಮುಂದ್ಗಡೆ ಇಡೋಣ, ಬಂದೋರು ನೋಡ್ಲಿ."

"ನೋಡಕ್ಕೆ ಸಾಕಿದ್ದಲ್ಲ ಕಣವ್ವ," ಎನ್ನುತ್ತಾರೆ ದ್ಯಾಮಮ್ಮ, ಹೂವಿನಿಂದ ಕಣ್ಣು ತೆಗೆಯದೆ. "ಬೀಜಕ್ಕೆ ಸಾಕಿದ್ದು." ಕುಂಚವನ್ನು ಕಾಗದದಲ್ಲಿ ಸುತ್ತಿಡುತ್ತಾ ಅವರೇ ಮುಂದುವರಿಸುತ್ತಾರೆ. "ನನ್ ಕೈ ನಡುಗಕ್ಕೆ ಶುರುವಾಗೋದ್ರೊಳಗೆ ಒಂದ್ ವರ್ಷ, ಒಂದೇ ಒಂದ್ ಮಧ್ಯಾಹ್ನ, ಎರಡೂ ಜೊತೇಲಿ ಕಣ್ಣು ಬಿಟ್ರೆ ಸಾಕು."