ಕೈ ಎತ್ತಬೇಡ ಎಂದಿದ್ದರು

ಡಿ.ಎಡ್ ಯಾಕೆ ಸೇರಿದೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನ್ನ ಹತ್ತಿರ ನೆಟ್ಟಗಿನ ಉತ್ತರವಿಲ್ಲ. ಪಿಯುಸಿ ಮುಗಿದಿತ್ತು. ಜಗಳೂರಿನಲ್ಲಿ ಗೆಳತಿಯರೆಲ್ಲ ಒಂದೊಂದಕ್ಕೆ ಅರ್ಜಿ ಹಾಕುತ್ತಿದ್ದರು, ನಾನೂ ಹಾಕಿದೆ. ಸೀಟು ಸಿಕ್ಕಿದ್ದು ಚನ್ನಗಿರಿ ಕಡೆ. ಅವ್ವ ಮುಖಕ್ಕೇ ಹೇಳಿದಳು: "ಮನಿಗೆ ಯಾರಾದ್ರೂ ಬಂದ್ರೆ ಅಡಿಗಿಮನಿ ಸೇರ್ಕಂತೀಯ. ಹುಡುಗ್ರ ಮುಂದೆ ನಿಂತು ಮಾತಾಡಾಕೆ ನಿನಗೆ ಬಾಯಿ ಎಲ್ಲೈತೆ?" ಅಪ್ಪ ಅದಕ್ಕೆ ಇನ್ನೊಂದು ಸೇರಿಸಿದ: "ಒಂದೇ ಏಟಿಗೆ ಪಾಸಾದ್ರೆ ಟೀಚರ್ ಆಗು. ಇಲ್ಲಾಂದ್ರೆ ಮನಿಗೆ ಬಾ, ಗಂಡು ನೋಡ್ತೀವಿ."

ಸಿಟ್ಟು ಬಂತು. ಆದರೆ ಅವ್ವ ಹೇಳಿದ್ದು ನಿಜವೇ ಇರಬಹುದಲ್ಲ ಎಂಬ ಅನುಮಾನವೂ ಸಿಟ್ಟಿನ ಜೊತೆಗೇ ಬಸ್ಸು ಹತ್ತಿತು. ಎರಡು ವರ್ಷವೂ ಅದು ಇಳಿಯಲಿಲ್ಲ.

ಕಾಲೇಜಿನಲ್ಲಿ ನನ್ನ ತಲೆ ಕೆಡಿಸಿದ್ದು ಪೀಠಿಕೆ. ಪಾಠದ ಹೆಸರನ್ನು ಟೀಚರ್ ಹೇಳಕೂಡದು. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಮಕ್ಕಳ ಬಾಯಿಂದಲೇ ಅದನ್ನು ಹೊರಡಿಸಬೇಕು. ಆಮೇಲೆ ನಮಗೂ ಆಗಷ್ಟೇ ಗೊತ್ತಾಯಿತೇನೋ ಎಂಬಂತೆ ಮುಖ ಅರಳಿಸಿ, "ಹೌದು ಮಕ್ಕಳೇ, ಇಂದು ನಾವು ಎಲೆಗಳ ಬಗ್ಗೆ ತಿಳಿಯೋಣ" ಎಂದು ಬೋರ್ಡಿನ ಮೇಲೆ ಬರೆಯಬೇಕು. ಇಷ್ಟೆಲ್ಲ ನಾಟಕ ಯಾಕೆ? ಎಲೆ ಪಾಠ ಎಂದು ಹೇಳಿಯೇ ಶುರು ಮಾಡಿದರೆ ಯಾರ ಗಂಟು ಹೋಗುತ್ತದೆ? ಒಮ್ಮೆ ಧೈರ್ಯ ಮಾಡಿ ಕೇಳಿದೆ. ನಮ್ಮ ಉಪನ್ಯಾಸಕರು ಕನ್ನಡಕದ ಮೇಲಿಂದ ನೋಡಿ, "ಪ್ರಶ್ನೆ ಕೇಳ್ಬೇಕಾಗಿರೋದು ಮಕ್ಕಳಿಗೆ ಕಣಮ್ಮ, ನನಗಲ್ಲ" ಅಂದರು. ಅಲ್ಲಿಗೆ ನನ್ನ ಬಾಯಿ ಮತ್ತೆ ಅಡಿಗೆಮನೆ ಸೇರಿತು.

ಕೊನೆಯ ವರ್ಷದ ಪರೀಕ್ಷಾ ಪಾಠ ತ್ಯಾವಣಿಗೆ ದಾರಿಯ ಒಂದು ಸರ್ಕಾರಿ ಶಾಲೆಯಲ್ಲಿ ನಿಗದಿಯಾಯಿತು. ಪರವೂರಿನ ಪರೀಕ್ಷಕರೊಬ್ಬರು ಹಿಂದೆ ಕೂತು ಅಂಕ ಹಾಕುತ್ತಾರೆ. ನನ್ನ ರೂಮಿನ ಗೆಳತಿ, ನ್ಯಾಮತಿಯವಳು, ಎಲ್ಲದಕ್ಕೂ ದಾರಿ ಬಲ್ಲವಳು. "ಹಿಂದಿನ ದಿನಾನೇ ಹೋಗಿ ತಾಲೀಮು ಮಾಡ್ಸಿಬಿಡೋದು ಕಣೆ. ಎಲ್ಲಾರೂ ಮಾಡ್ಸೋದೇ" ಅಂದಳು. ಮಾಡಿಸಬಾರದು ಎಂದು ಕಾಲೇಜಿನಲ್ಲಿ ಹೇಳಿದ್ದರು. ಹೇಳುವಾಗ ಯಾಕೋ ನಕ್ಕಿದ್ದರು ಕೂಡ. ಮಾತನ್ನು ನಂಬಬೇಕೋ ನಗುವನ್ನು ನಂಬಬೇಕೋ ತಿಳಿಯದೆ ನಾನು ಅವಳ ಹಿಂದೆ ಹೋದೆ.

ನಾಲ್ಕನೇ ತರಗತಿಯಲ್ಲಿ ಎರಡು ವಿಭಾಗ. ಎ ನನಗೆ, ಬಿ ಅವಳಿಗೆ. ನನ್ನ ಪಾಠ ಎಲೆ, ಅವಳದು ಸಾರಿಗೆ. ವರ್ಷಾ ವರ್ಷ ನಮ್ಮಂಥವರನ್ನು ಕಂಡು ಪಳಗಿದ ಮಕ್ಕಳು, "ಮಿಸ್, ನಿಮ್ದು ಪೀಠಿಕೆ ಎಷ್ಟು ಪ್ರಶ್ನೆ?" ಎಂದು ಅವರೇ ಕೇಳಿದರು. ಇಬ್ಬರದೂ ಮೂರೇ ಎಂದೆ. ಮೊದಲನೆಯದಕ್ಕೆ ಇದು, ಎರಡನೆಯದಕ್ಕೆ ಇದು ಎಂದು ಚಕಚಕನೆ ಕಲಿತುಬಿಟ್ಟರು. ಹಿಂದುಳಿದ ಮಕ್ಕಳನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಕೈ ಎತ್ತಬೇಡಿ ಎಂದು ಹೇಳಿಡುವುದೂ ಈ ತಾಲೀಮಿನ ಒಂದು ಭಾಗ. ನಾವಿಬ್ಬರೂ ಅದನ್ನೂ ಮಾಡಿದೆವು.

ಮರುದಿನ ರೋಲ್ ಅಪ್ ಬೋರ್ಡು, ಎಲೆಯ ಚಾರ್ಟು ಎಲ್ಲ ಹೊತ್ತು ಹೋದರೆ ಎ ವಿಭಾಗವೇ ಇಲ್ಲ. ಹಲ್ಲು ತಪಾಸಣೆಗೆ ಡಾಕ್ಟರು ಬಂದಿದ್ದರು, ಇಡೀ ತರಗತಿ ಪಕ್ಕದ ಕಟ್ಟಡದಲ್ಲಿ ಬಾಯಿ ತೆರೆದು ಸಾಲಾಗಿ ನಿಂತಿತ್ತು. ಹೆಡ್‌ಮೇಷ್ಟ್ರು ಬಿ ವಿಭಾಗದ ಬಾಗಿಲು ತೋರಿಸಿದರು. "ನಾಲ್ಕನೇ ಕ್ಲಾಸೇ ಅಲ್ವೇನ್ರೀ? ಯಾವ ಮಕ್ಕಳಾದ್ರೇನು, ಹೋಗ್ರಿ." ಗೆಳತಿಯ ಸರದಿ ಇದ್ದದ್ದು ಊಟ ಆದಮೇಲೆ. ಅವಳು ಇನ್ನೂ ಬಂದಿರಲಿಲ್ಲ. ಪರೀಕ್ಷಕರು ಆಗಲೇ ಒಳಗೆ ಕೂತು ಪೆನ್ನಿನ ಮುಚ್ಚಳ ತೆಗೆದಿದ್ದರು.

ನಿಂತೆ. "ಮಕ್ಕಳೇ, ನಿಮ್ಮ ಮನೆಯ ಮುಂದೆ ಯಾವ ಮರವಿದೆ?"

ಮುಂದಿನ ಸಾಲು ಪಟಪಟನೆ ಕೈ ಎತ್ತಿತು. ಒಬ್ಬ ಹುಡುಗ ಎದ್ದು ನಿಂತು, "ಎತ್ತಿನ ಗಾಡಿ ಮಿಸ್" ಅಂದ.

ಅಲ್ಲೇ ನಿಲ್ಲಿಸಬೇಕಿತ್ತು. ಆದರೆ ನನ್ನ ಬಾಯಿಯೂ ತಾಲೀಮು ಮಾಡಿಕೊಂಡು ಬಂದದ್ದೇ ತಾನೇ. "ಗಾಳಿ ಬೀಸಿದರೆ ಮರದಲ್ಲಿ ಏನು ಅಲ್ಲಾಡುತ್ತದೆ?" ಎಂದು ಕೇಳಿಯೇಬಿಟ್ಟಿತು. "ಬಸ್ಸು ಮಿಸ್." "ಆಡು ಮರದಿಂದ ಏನನ್ನು ಕಿತ್ತು ತಿನ್ನುತ್ತದೆ?" ಮುಂದಿನ ಸಾಲುಗಳೆಲ್ಲ ಒಂದೇ ದನಿಯಲ್ಲಿ ಕೂಗಿದವು: "ಸಾರಿಗೆ ಸಾಧನಗಳು!"

ಮಕ್ಕಳ ಮುಖದಲ್ಲಿ ಎಂಥ ಖುಷಿ. ಒಂದೂ ತಪ್ಪಿಲ್ಲದೆ ಒಪ್ಪಿಸಿದ್ದೇವೆ, ಈ ಮಿಸ್ ಯಾಕೆ ಬೋರ್ಡಿನ ಮೇಲೆ ಬರೆಯುತ್ತಿಲ್ಲ ಎಂದು ಕಾಯುತ್ತಿದ್ದರು. ಪರೀಕ್ಷಕರು ತಲೆ ಎತ್ತಿದರು. ನನಗೆ ಅವ್ವನ ಮಾತು ನೆನಪಾಯಿತು, ಅಪ್ಪ ನೋಡಲಿರುವ ಗಂಡೂ ನೆನಪಾದ. ನಗು ಬರುತ್ತಿದೆಯೋ ಅಳು ಬರುತ್ತಿದೆಯೋ ಗೊತ್ತಾಗಲಿಲ್ಲ. ಪುಸ್ತಕದ ಭಾಷೆ ಎಲ್ಲಿ ಹೋಯಿತೋ, "ಲೇ, ನಿಮ್ಮನಿ ಮುಂದೆ ಒಂದು ಮರಾನೂ ಇಲ್ಲೇನ್ರಲೇ?" ಎಂದು ನಮ್ಮೂರಿನ ದನಿಯಲ್ಲಿ ಗದರಿದಂತೆ ಕೇಳಿದೆ.

ಈಗ ಒಂದು ಕೈಯೂ ಮೇಲೇಳಲಿಲ್ಲ. ನಾಲ್ಕನೇ ಪ್ರಶ್ನೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

"ಬೇವಿನ ಮರ ಐತೆ ಮಿಸ್."

ದನಿ ಬಂದದ್ದು ಕೊನೆಯ ಸಾಲಿನಿಂದ. ಗೋಡೆಗೆ ಒರಗಿ ಕೂತ ಸಣ್ಣ ಹುಡುಗಿ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದಳು. ಇಡೀ ಕೋಣೆಯಲ್ಲಿ ಯಾರೂ ಉತ್ತರ ಹೇಳಿಕೊಡದೆ ಬಿಟ್ಟಿದ್ದು ಆ ಸಾಲಿಗೆ ಮಾತ್ರ. ಹಾಗಾಗಿ ನಾನು ಕೇಳಿದ್ದು ಅವಳಿಗೆ ಕೇಳಿಸಿತ್ತು.

"ಅದ್ರಾಗೆ ಏನೇನೈತೆ?" ಅಂದೆ. ಕಾಯಿ ಐತೆ, ಕಾಗೆ ಗೂಡು ಐತೆ, ಎಲೆ ಐತೆ, ಎಲೆ ಕಹಿ, ಅಮ್ಮ ಬಿಸಿನೀರಿಗೆ ಹಾಕಿ ಸ್ನಾನ ಮಾಡಿಸ್ತಾಳೆ ಎಂದು ಹೇಳುತ್ತಲೇ ಹೋದಳು. ಮುಂದಿನ ಸಾಲು ಬಾಯಿ ಬಿಟ್ಟುಕೊಂಡು ಹಿಂದಕ್ಕೆ ತಿರುಗಿ ನೋಡಿತು. "ಹೋಗಿ ಒಂದೆಲೆ ತಾ ನೋಡಾನ" ಅಂದೆ. ಅವಳು ಅಂಗಳಕ್ಕೆ ಓಡಿದಳು, ಅವಳ ಹಿಂದೆ ಇಡೀ ತರಗತಿ ಓಡಿತು. ಚಾರ್ಟಿನ ಸುರುಳಿಯನ್ನು ನಾನು ಬಿಚ್ಚಲೇ ಇಲ್ಲ. ಬೇವು, ಹೊಂಗೆ, ತುಳಸಿ, ಯಾರೋ ಕಿತ್ತ ಗುಲಾಬಿ, ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ಕೂತೆವು.

ಗಂಟೆ ಹೊಡೆದಾಗ ಪರೀಕ್ಷಕರು ಎದ್ದರು. "ಪೀಠಿಕೆ ಇಲ್ಲ. ಪಾಠದ ಹೆಸರಿನ ಘೋಷಣೆ ಇಲ್ಲ. ಮಕ್ಕಳೆಲ್ಲ ಹೊರಗೆ." ಸ್ವಲ್ಪ ಹೊತ್ತು ಎಲೆಗಳ ಕಡೆ ನೋಡಿ, "ಪಾಠ ಮಾತ್ರ ಆಯ್ತು ಬಿಡ್ರಿ" ಎಂದು ಹೋದರು. ಅದು ಬೈಗುಳವೋ ಹೊಗಳಿಕೆಯೋ ನನಗೆ ಇನ್ನೂ ಗೊತ್ತಿಲ್ಲ. ಪಾಸಂತೂ ಆದೆ. ಅಪ್ಪ ಗಂಡು ನೋಡುವುದನ್ನು ಮುಂದಕ್ಕೆ ಹಾಕಿದ.

ನಾನು ಬೋರ್ಡು ಸುತ್ತುತ್ತಿದ್ದಾಗ ಆ ಹುಡುಗಿ ಹತ್ತಿರ ಬಂದು ನಿಂತಳು. ತಪ್ಪು ಮಾಡಿದವಳ ಹಾಗೆ ಮೆಲ್ಲಗೆ, "ನಾನು ಕೈ ಎತ್ತಿಲ್ಲ ಮಿಸ್. ನಿನ್ನೆ ಬಂದಿದ್ದ ಮಿಸ್ ಬೇಡ ಅಂದಿದ್ರು" ಅಂದಳು.

ಎ ವಿಭಾಗದ ಕೊನೆಯ ಸಾಲು ಕಣ್ಣ ಮುಂದೆ ಬಂತು.

"ನಾಳಿಂದ ಎತ್ತಬಹುದಾ ಮಿಸ್?"

"ಎತ್ತವ್ವ, ದಿನಾ ಎತ್ತು" ಅಂದೆ. ತಲೆಯಾಡಿಸಿ ಓಡಿಹೋದಳು. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು: ನಾಳೆ ಅವಳು ಕೈ ಎತ್ತುವಾಗ ಅಲ್ಲಿ ನಾನಿರುವುದಿಲ್ಲ.