ಕೈ ಯೋಚಿಸುವ ಹೊತ್ತು

ಪಾರ್ಶ್ವವಾಯು ಹೊಡೆದ ಮೇಲೆ ಮೆದುಳು ಹೇಗೆ ಚೇತರಿಸಿಕೊಳ್ಳುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದ ಮೇಡಂಗೆ ನಾನು ತುಮಕೂರಿನಲ್ಲಿ ಮೂರು ವರ್ಷ ಕಾರು ಓಡಿಸಿದೆ. ಶಿರಾ ಗೇಟ್ ಸಿಗ್ನಲ್ಲಿನಲ್ಲಿ ಅರ್ಧ ನಿಮಿಷ ನಿಂತರೂ ಚಡಪಡಿಸುತ್ತಿದ್ದ ಹೆಂಗಸು, ರೋಗಿಯ ಮುಂದೆ ಕೂತರೆ ಬೇರೆಯೇ ಆಗಿಬಿಡುತ್ತಿದ್ದರು. ತಮ್ಮ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಅವರ ಕೈ ಮುಟ್ಟುತ್ತಿದ್ದರು. ಮನೆಯವರು ಅವಸರಪಡಿಸಿದರೆ, "ಇರಿ, ಕೈ ಯೋಚ್ನೆ ಮಾಡ್ತಿದೆ" ಎನ್ನುತ್ತಿದ್ದರು.

ಒಮ್ಮೆ ಗುಬ್ಬಿ ಹತ್ತಿರದ ಹಳ್ಳಿಯಲ್ಲಿ, ಎಡಗೈ ಸ್ವಾಧೀನ ತಪ್ಪಿದ್ದ ಯಜಮಾನರೊಬ್ಬರಿಗೆ ಮರದ ಬಿಲ್ಲೆ ಹಿಡಿಯಲು ಹೇಳಿದರು. ಎಷ್ಟು ಕಾದರೂ ಮುಷ್ಟಿ ಬಿಚ್ಚಲಿಲ್ಲ. ಮೇಡಂ ಅಂಕದ ಹಾಳೆಯಲ್ಲಿ ಸೊನ್ನೆ ಬರೆದರು.

ಅಷ್ಟರಲ್ಲಿ ಯಜಮಾನರ ಹೆಂಡತಿ ವಿಭೂತಿ ತಂದಿಟ್ಟು, "ಪೂಜೆ ಹೊತ್ತಾಯ್ತು ಕಣವ್ವಾ, ವಸಿ ಸರ್ಕೊಳಿ" ಎಂದರು. ಯಜಮಾನರು ಬಲಗೈಯಲ್ಲಿ ಕೊರಳ ಇಷ್ಟಲಿಂಗ ತೆಗೆದು, ಪೂಜೆಗೆ ಅದನ್ನು ಹಿಡಿಯುವ ಎಡಗೈ ಬಳಿ ತಂದರು. ಮುಚ್ಚಿದ್ದ ಬೆರಳುಗಳು ನಡುಗುತ್ತಾ, ಒಂದೊಂದಾಗಿ ಬಿಚ್ಚಿಕೊಂಡವು.

ಬಾಗಿಲಲ್ಲಿ ನಿಂತಿದ್ದ ನಾನು ಬಗ್ಗಿ ನೋಡಿದೆ. "ದಿನಾ ಹಿಂಗೇ ಬಿಚ್ತಾರೆ. ಆ ಮರದ ಚೂರು ಹಿಡ್ಕೊಂಡು ಅವ್ರೇನ್ ಮಾಡ್ಬೇಕು?" ಎಂದರು ಹೆಂಡತಿ.

ಪೂಜೆ ಮುಗಿಯುವವರೆಗೂ ಮೇಡಂ ಗೋಡೆಗೊರಗಿ ನಿಂತಿದ್ದರು. ಕಾರಿನಲ್ಲಿ ಕೂತು ಹಾಳೆ ತೆಗೆದರು. ಬರೆದಿದ್ದ ಸೊನ್ನೆಯನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ ಕನ್ನಡದಲ್ಲೇ ಬರೆದಿದ್ದರಿಂದ ನನಗೂ ಓದಲು ಬಂತು: "ಈ ಸೊನ್ನೆ ನನ್ನದು."