ಅಪ್ಪನ ಭಾಷಣವೂ ಮದ್ದೂರಿನ ಗೇಟೂ

ನನ್ನನ್ನು ನೋಡಲು ಬತ್ತೇರಿಯಿಂದ ಗಂಡಿನವರು ಬಂದ ದಿನ ಅಪ್ಪ ನನ್ನ ಬಗ್ಗೆ ಆಡಿದ್ದು ನಾಲ್ಕೇ ಮಾತು. ಉಳಿದ ಹೊತ್ತೆಲ್ಲ ಹೈಕೋರ್ಟಿನ ಬಗ್ಗೆ. ಅವರು ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡಿ ನಿವೃತ್ತರಾದವರು. ಕೇಳುವವರು ಸಿಕ್ಕರೆ ಈಗಲೂ ತರಗತಿ ಶುರು.

ಬಂದವರು ಕೇರಳದಲ್ಲಿ ನೆಲೆಸಿದ ಕನ್ನಡದ ಮನೆಯವರು: ಹುಡುಗ, ಅವನ ತಂದೆ, ತಾಯಿ. ಕಾಡಿನ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ, ಬೇಗ ಹೊರಡಬೇಕು ಎಂದು ಹುಡುಗನ ತಂದೆ ಅಂದದ್ದೇ ತಪ್ಪಾಯಿತು. ಅಪ್ಪ ಕುರ್ಚಿ ಮುಂದಕ್ಕೆಳೆದುಕೊಂಡರು. ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತವೆಂದು ಜಿಲ್ಲಾಧಿಕಾರಿ ಹಾಕಿದ ರಾತ್ರಿ ಸಂಚಾರ ನಿಷೇಧವನ್ನು ಸರ್ಕಾರ ವಾಪಸ್ ಪಡೆದದ್ದು, ಹೈಕೋರ್ಟು ಮತ್ತೆ ಗೇಟು ಹಾಕಿಸಿದ್ದು, ವ್ಯಾಜ್ಯ ದಿಲ್ಲಿಗೆ ಹೋದದ್ದು ಎಲ್ಲವನ್ನೂ ವಿವರಿಸಿ, ಮಂತ್ರಿಗಳಿಗೆ ಓಟಿನ ಭಯ, ನ್ಯಾಯಾಧೀಶರಿಗೆ ಅದಿಲ್ಲ, ಅದಕ್ಕೇ ಆನೆಗಳು ಉಳಿದಿವೆ ಎಂದರು.

ಅಲ್ಲಿಯವರೆಗೆ ಉಪ್ಪಿಟ್ಟಿನ ತಟ್ಟೆಯನ್ನೇ ನೋಡುತ್ತಿದ್ದ ಹುಡುಗ ತಲೆ ಎತ್ತಿದ. "ಅದೇ ನನ್ನ ತಕರಾರು ಸಾರ್. ರಸ್ತೆ ಮುಚ್ಚೋದು ಒಳ್ಳೇದೇ ಇರ್ಬೋದು. ಆದ್ರೆ ತಪ್ಪಾದ್ರೆ ಮಂತ್ರೀನ ಸೋಲಿಸ್ಬೋದು, ಜಡ್ಜನ್ನ ಏನ್ ಮಾಡೋದು?"

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಕಣ್ಣು ಮುಚ್ಚಿಕೊಂಡಳು. ಸಂಬಂಧ ಮುರಿದುಬಿತ್ತೆಂದೇ ಅವಳು ಭಾವಿಸಿದ್ದಳು. ಅಪ್ಪನ ಮುಖ ಮಾತ್ರ ಅರಳಿತು. ಅಷ್ಟು ವರ್ಷ ಪಾಠ ಮಾಡಿದರೂ ಅವರಿಗೆ ಎದುರು ಪ್ರಶ್ನೆ ಹಾಕಿದವರು ಕಡಿಮೆ. ಮತ್ತೊಂದು ಸುತ್ತು ಕಾಫಿ ಬಂತು. ವಾದ ರಾತ್ರಿ ಊಟದವರೆಗೂ ಬೆಳೆಯಿತು.

ಕೊನೆಗೂ ಹೊರಟ ಕಾರು ಕಾಡಂಚಿನ ಮದ್ದೂರಿನ ಚೆಕ್‌ಪೋಸ್ಟ್ ಮುಟ್ಟುವಷ್ಟರಲ್ಲಿ ಗೇಟು ಬಿದ್ದಿತ್ತು. ಹುಡುಗನ ತಂದೆ ಶಾಸಕರೊಬ್ಬರ ಹೆಸರು ಹೇಳಿ ನೋಡಿದರಂತೆ. ಶಾಸಕರೇ ಬಂದರೂ ಇಲ್ಲೇ ನಿಲ್ಲಬೇಕು ಎಂದನಂತೆ ಗಾರ್ಡು. ಮೂವರೂ ನಮ್ಮ ಮನೆಗೇ ಮರಳಿದರು. ಅಮ್ಮ ಒಳಗೆ ಹಾಸಿಗೆ ಕೊಡವುತ್ತಾ ಅಪ್ಪನಿಗೆ, "ಭಾಷಣ ಮಾಡ್ಮಾಡಿ ನೆಂಟ್ರನ್ನ ಬೀದೀಲಿ ನಿಲ್ಲುಸ್ಬುಟ್ರಿ. ಇನ್ನಾದ್ರೂ ಒಸಿ ಸುಮ್ಕಿರಿ," ಅಂದಳು.

ಬೆಳಿಗ್ಗೆ ಹುಡುಗ ಹಿತ್ತಲಿಗೆ ಮುಖ ತೊಳೆಯಲು ಬಂದಾಗ ನಾನೇ ಮಾತು ತೆಗೆದೆ. ಸರ್ಕಾರ ಹೆದರಿ ಕೈಕಟ್ಟಿ ಕೂತರೆ ಆನೆಗಳು ಮುಂದಿನ ಚುನಾವಣೆಯವರೆಗೆ ಕಾಯಬೇಕಾ ಎಂದು ಕೇಳಿದೆ. ಅವನು ಟವೆಲು ಹಿಡಿದುಕೊಂಡೇ ಯೋಚಿಸಿದ.

"ಇದಕ್ಕೆ ನನ್ನತ್ರ ಉತ್ತರ ಇಲ್ಲ ಕಣ್ರಿ," ಅಂದ.

ನನ್ನನ್ನು ನೋಡಲು ಬಂದ ಗಂಡುಗಳಲ್ಲಿ ಉತ್ತರ ಗೊತ್ತಿಲ್ಲ ಎಂದವನು ಅವನೊಬ್ಬನೇ. ನನಗೆ ಅಷ್ಟು ಸಾಕಾಯಿತು.

ಮದುವೆ ಗುಂಡ್ಲುಪೇಟೆಯಲ್ಲೇ ನಡೆಯಿತು. ಛತ್ರದಲ್ಲಿ ಅಪ್ಪನ ಕೈಗೆ ಮೈಕು ಸಿಗದಂತೆ ಅಮ್ಮ ಕಾವಲು ಕಾದಳು. ಆದರೂ ಅವರು ದಿಬ್ಬಣದ ಬಸ್ಸಿನ ಕಿಟಕಿ ಹಿಡಿದು ನಿಂತು ಬೀಗರಿಗೆ ಸುಪ್ರೀಂ ಕೋರ್ಟಿನ ಅಧಿಕಾರ ವಿವರಿಸತೊಡಗಿದರು. ಒಂಬತ್ತರೊಳಗೆ ಗೇಟು ದಾಟಬೇಕಿದ್ದ ಡ್ರೈವರು ಹಾರನ್ ಹೊಡೆದು ಬಸ್ಸು ಎತ್ತಿದ.